ಕಛೇರಿ ಕೇಳಿ ಬೆಳೆದವರು ಯಾವ ಜಾಝ್ ಆಲ್ಬಮ್‌ಗಳನ್ನು ಕೊಳ್ಳಬೇಕು?

ಮೊಬೈಲ್‌ನಲ್ಲಿ ಎಲ್ಲವೂ ಸಿಗುವಾಗ ದುಡ್ಡು ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳುವಂಥ ಜಾಝ್ ಆಲ್ಬಮ್‌ಗಳು ಯಾವುವು, ಅದೂ ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಎಂದು ಕೇಳಿದ್ದೀರಿ. ನನ್ನ ಅಳತೆಗೋಲು ಒಂದೇ: ಪಕ್ಕವಾದ್ಯದವರಿಗಾಗಿಯೇ ಮತ್ತೆ ಮತ್ತೆ ಕೇಳಬೇಕೆನಿಸಿದರೆ ಕೊಳ್ಳಿ. ಮುಂದೆ ನಿಂತವರ ರಾಗವನ್ನಷ್ಟೇ ಗುನುಗಿಕೊಂಡರೆ ಸಾಕು ಎನಿಸುವಂಥದ್ದಕ್ಕೆ ಮೊಬೈಲ್ ಧಾರಾಳವಾಯಿತು.

ಹಾಗಾಗಿ ಮೊದಲ ಮಣೆ ಬಿಲ್ ಎವಾನ್ಸ್ ಅವರ 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್'ಗೆ. ನ್ಯೂಯಾರ್ಕಿನ ನೆಲಮಾಳಿಗೆಯ ಕ್ಲಬ್ಬೊಂದರಲ್ಲಿ 1961ರ ಜೂನ್ 25ರಂದು ಮುದ್ರಿಸಿಕೊಂಡದ್ದು. ಗಿರಾಕಿಗಳ ಮಾತು, ಗ್ಲಾಸುಗಳ ಸದ್ದು ಎಲ್ಲವೂ ಅದರಲ್ಲಿದೆ. ಮೊದಲ ಸಲ ಪಿಯಾನೊ ಕೇಳಿ. ಎರಡನೆಯ ಸಲ ಪಿಯಾನೊವನ್ನು ಮರೆತು ಸ್ಕಾಟ್ ಲಫಾರೊ ಅವರ ಬಾಸ್ (ಮಂದ್ರದಲ್ಲಿ ನುಡಿಯುವ ದೊಡ್ಡ ತಂತಿವಾದ್ಯ) ಹಿಂದೆ ಹೋಗಿ. ಬಾಸ್ ಎಂದರೆ ತಾಳ ಕಾಯುವ ಕೆಲಸ ಎಂಬ ರೂಢಿಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎವಾನ್ಸ್ ಒಂದು ಸಾಲು ಮುಗಿಸುವ ಮೊದಲೇ ತಮ್ಮ ಮಾತು ಸೇರಿಸುತ್ತಾರೆ, ಅಡ್ಡ ಬರುತ್ತಾರೆ, ಥಟ್ಟನೆ ಸುಮ್ಮನಾಗುತ್ತಾರೆ. ಪಾಲ್ ಮೋಶನ್ ಡ್ರಮ್ಸ್ ಮೇಲೆ ಕುಂಚ ಆಡಿಸುತ್ತ ಇಬ್ಬರಿಗೂ ಜಾಗ ಬಿಟ್ಟುಕೊಡುತ್ತಾರೆ. ಆಲ್ಬಮ್ಮಿನ ಮೊದಲ ಮತ್ತು ಕೊನೆಯ ರಚನೆಗಳು ಲಫಾರೊ ಅವರವೇ. ಅದೇ ವರ್ಷದ ಜುಲೈ 6ರಂದು, 25ನೇ ವಯಸ್ಸಿನಲ್ಲಿ, ಅವರು ಕಾರು ಅಪಘಾತದಲ್ಲಿ ತೀರಿಕೊಂಡರು.

ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' (1959) ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ನನ್ನದರಲ್ಲೂ ಇದೆ, ನಾಚಿಕೆಯೇನಿಲ್ಲ. 'ಸೋ ವಾಟ್' ನಿಮಗೆ ತಕ್ಷಣ ಒಗ್ಗುತ್ತದೆ, ಏಕೆಂದರೆ ಅದರ ಸ್ವರಗಳು ಖರಹರಪ್ರಿಯ ರಾಗದವು. ಆದರೆ ನಡುವೆ ಎಂಟು ಆವರ್ತಗಳ ಕಾಲ ಶ್ರುತಿಯನ್ನೇ ಅರ್ಧ ಸ್ವರ ಮೇಲೆತ್ತಿ ಮತ್ತೆ ಕೆಳಗಿಳಿಸುತ್ತಾರೆ. ನಮ್ಮ ವೇದಿಕೆಯ ಮೇಲೆ ಯಾರಾದರೂ ಹಾಗೆ ಮಾಡಿದರೆ ತಂಬೂರಿಯವರು ಎದ್ದು ಹೋದಾರು! ಪಲ್ಲವಿಯ ಜಾಗದಲ್ಲಿ ಹಾಡುವುದು ಪಾಲ್ ಚೇಂಬರ್ಸ್ ಅವರ ಬಾಸ್; ಉಳಿದವರು ಎರಡೆರಡು ಸ್ವರದಲ್ಲಿ ಹೂಂಗುಟ್ಟುತ್ತಾರೆ. ಹಳೆಯ ಎಲ್‌ಪಿ ಕೊಳ್ಳುವುದಾದರೆ ಒಂದು ಎಚ್ಚರಿಕೆ. ಮುದ್ರಣದ ಮೊದಲ ದಿನ ಒಂದು ಟೇಪ್ ಯಂತ್ರ ನಿಧಾನವಾಗಿ ಓಡಿತ್ತು; ಆ ಟೇಪನ್ನು ಮಾಮೂಲಿ ವೇಗದಲ್ಲಿ ನುಡಿಸಿದ್ದರಿಂದ ಮೊದಲ ಮೂರು ರಚನೆಗಳು ದಶಕಗಳ ಕಾಲ ತುಸು ಏರಿದ ಶ್ರುತಿಯಲ್ಲೇ ಮಾರಾಟವಾದವು. 1990ರ ದಶಕದಲ್ಲಿ ಅದನ್ನು ಸರಿಪಡಿಸಿದರು. ಶ್ರುತಿಯ ವಿಷಯದಲ್ಲಿ ಕಿವಿ ಚುರುಕಾಗಿದ್ದರೆ ಆಮೇಲಿನ ಮುದ್ರಣವನ್ನೇ ಆರಿಸಿ.

ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' (1965) ಅನ್ನು ಮಾತ್ರ ಹೊದಿಕೆಯ ಸಮೇತವೇ ಕೊಳ್ಳಬೇಕು. ಒಳಪುಟದಲ್ಲಿ ಅವರದೇ ಒಂದು ಪ್ರಾರ್ಥನೆಯಿದೆ. ನಾಲ್ಕನೆಯ ಭಾಗ 'ಸಾಮ್' ಬಂದಾಗ ಅದನ್ನು ಕಣ್ಣೆದುರು ಹಿಡಿದು ಕೇಳಿ. ವೈಣಿಕರು ಸಾಹಿತ್ಯದ ಅಕ್ಷರಕ್ಕೆ ಅಕ್ಷರ ಮೀಟುವ ಹಾಗೆ ಸ್ಯಾಕ್ಸೊಫೋನು ಆ ಪ್ರಾರ್ಥನೆಯನ್ನು ಓದುತ್ತಾ ಹೋಗುತ್ತದೆ. ಹಿಂದೆ ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್ ತಾಳವನ್ನೆಲ್ಲ ಕಳಚಿಟ್ಟು ಬರೀ ಮೊಳಗುತ್ತಿರುತ್ತಾರೆ.

ಚಾರ್ಲ್ಸ್ ಮಿಂಗಸ್ ಅವರದು ಒಂದಾದರೂ ಇರಲಿ. 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ' (1963) ಕೇಳಿ ಸುಸ್ತಾಗುತ್ತದೆ, ಆದರೂ ಬಿಡಲಾಗುವುದಿಲ್ಲ. ಅದರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮಾರಿಯಾನೊ ಮುಂದೆ ನಾಗಸ್ವರದ ಹಿಂದೆ ಬಿದ್ದವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅವರು ಮಾಡಿದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಆರ್.ಎ. ರಮಾಮಣಿ ಅವರ ಕಂಠ, ಟಿ.ಎ.ಎಸ್. ಮಣಿ ಅವರ ಮೃದಂಗ. 'ಫ್ಯೂಷನ್' ಎಂದೊಡನೆ ನನಗೆ ಹೆದರಿಕೆಯಾಗುತ್ತದೆ. ಸಾಮಾನ್ಯವಾಗಿ ಇಬ್ಬರೂ ತಂತಮ್ಮ ಸುಲಭದ್ದನ್ನೇ ನುಡಿಸಿ ಕೈಕುಲುಕುತ್ತಾರೆ. ಇಲ್ಲಿ ಹಾಗಿಲ್ಲ. ಮಾರಿಯಾನೊ ಅತಿಥಿಯಂತೆ ಕೂರದೆ ರಮಾಮಣಿ ಅವರ ದನಿಯ ಬಾಗು ಬಳುಕುಗಳಿಗೆ ತಮ್ಮ ಉಸಿರನ್ನು ಹೊಂದಿಸಿಕೊಳ್ಳುತ್ತಾರೆ.

ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್' (1959) ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 'ಟೇಕ್ ಫೈವ್' ಐದೆಣಿಕೆಯದು ಎಂದು ಅಮೆರಿಕದವರು ಬೆರಗಾದರು. ಖಂಡಚಾಪು ತಾಳ ಹಾಕುವ ಕೈಗೆ ಅದು ದೊಡ್ಡ ವಿಷಯವಲ್ಲ. ನಮ್ಮದು 2+3, ಅವರದು 3+2, ಅಷ್ಟೇ. ಆದರೆ ಜೋ ಮೊರೆಲೊ ಅವರ ಡ್ರಮ್ಸ್ ಸರದಿಯಲ್ಲಿ ಬ್ರೂಬೆಕ್ ಪಿಯಾನೊದ ಮೇಲೆ ಆ ಐದನ್ನು ಒಂದಿಷ್ಟೂ ಅಲುಗದಂತೆ ಹಿಡಿದು ಕೂತಿರುತ್ತಾರೆ. ಅದಕ್ಕಾಗಿ ಬೇಕಾದರೆ ಕೊಳ್ಳಿ, ಉಳಿದವೆಲ್ಲ ಆದ ಮೇಲೆ.