ಹಸುವಿನ ಹೊಟ್ಟೆಯಲ್ಲಿ ಅಷ್ಟೊಂದು ಬ್ಯಾಕ್ಟೀರಿಯಾ, ವೈರಸ್ ಇದ್ದರೂ ಅದಕ್ಕೆ ಕಾಯಿಲೆ ಯಾಕೆ ಬರಲ್ಲ?

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಇನ್ನೊಂದು ಸಾಲು ಇದೆ: "ಔಷಧಿ ಕುಡಿಸಿ ಎಲ್ಲವನ್ನೂ ಸಾಯಿಸಿಬಿಟ್ಟರೆ ಹಸು ಇನ್ನೂ ಗಟ್ಟಿಮುಟ್ಟಾಗುತ್ತೆ ಅಲ್ವಾ?" ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ಹಾಗೇನಾದರೂ ಮಾಡಿದರೆ ಹಸು ಹುಲ್ಲಿನ ಮೆದೆ ಮುಂದೆ ನಿಂತೇ ಉಪವಾಸ ಬೀಳುತ್ತದೆ.

ನಾನು ದನದ ಡಾಕ್ಟರ್ ಅಲ್ಲ. ಓದಿದ್ದು ಮೈಕ್ರೋಬಯಾಲಜಿ. ಆದರೆ ಈ ವಿಷಯ ತಲೆಗೆ ಹೋದದ್ದು ಅದಕ್ಕೂ ಮೊದಲು, ಹಾಸನ ಜಿಲ್ಲೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ.

ನಾನಾಗ ಪಿಯುಸಿ. ಪಕ್ಕದ ಮನೆಯಲ್ಲಿ ಮದುವೆ. ಮಿಕ್ಕಿದ ಅನ್ನವನ್ನೆಲ್ಲ ಹಿತ್ತಲಲ್ಲಿ ಒಂದು ಕೊಪ್ಪರಿಗೆಗೆ ಸುರಿದಿದ್ದರು. ರಾತ್ರಿ ನಮ್ಮ ಸೀಮೆ ಹಸು ಗೌರಿ ಕಣ್ಣಿ ಕಿತ್ತುಕೊಂಡು ಹೋಗಿ ಮುಕ್ಕಾಲು ಪಾಲು ಖಾಲಿ ಮಾಡಿತ್ತು. ಬೆಳಿಗ್ಗೆ ನೋಡಿದರೆ ಮೆಲುಕು ಇಲ್ಲ. ಸುಮ್ನೆ ತಲೆ ತಗ್ಗಿಸಿಕೊಂಡು ಹಲ್ಲು ಕಡಿಯುತ್ತಿದೆ. ಸೆಗಣಿ ನೀರು ನೀರು, ಅದಕ್ಕೊಂದು ಹುಳಿ ವಾಸನೆ. ದೃಷ್ಟಿ ಆಗಿದೆ ಅಂತ ಅಜ್ಜಿ ಮೆಣಸಿನಕಾಯಿ ನಿವಾಳಿಸಿದರು.

ಡಾಕ್ಟ್ರು ಬಂದವರೇ ಗೌರಿಯ ಎಡ ಪಕ್ಕೆಗೆ ಮುಷ್ಟಿ ಒತ್ತಿ ಹಿಡಿದು ನಿಂತರು. ಹಸು ಚೆನ್ನಾಗಿದ್ದರೆ ಅಲ್ಲಿ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಮಗುಚಿ ಕೈಯನ್ನು ಹೊರಕ್ಕೆ ತಳ್ಳುತ್ತದೆ. ಗೌರಿಯದು ಅಲ್ಲಾಡಲೇ ಇಲ್ಲ. ಅಡುಗೆ ಸೋಡಾ ಕರಗಿಸಿ ಕುಡಿಸಿದರು, ಡ್ರಿಪ್ ಹಾಕಿದರು. ಎರಡು ದಿನ ಬಿಟ್ಟು ಮತ್ತೆ ಬಂದು "ಇಲ್ಲೇ ಹತ್ತಿರದಲ್ಲಿ ಚೆನ್ನಾಗಿ ಮೇಯೋ ಇನ್ನೊಂದು ಹಸು ಇದೆಯೇನಪ್ಪಾ?" ಅಂದರು.

ಚಿಕ್ಕಪ್ಪನ ಮನೆಯ ಹಳ್ಳಿಕಾರ್ ಹಸು ಇತ್ತು. ಅದರ ಬಾಯಿಯಿಂದ ಹೊಟ್ಟೆಗೆ ಪೈಪ್ ಇಳಿಸಿ ಮೂರ್ನಾಲ್ಕು ಲೀಟರ್ ರಸ ಎಳೆದರು. ಹಳೇ ಪಂಚೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ಗೌರಿಗೆ ಕುಡಿಸಿದರು. ಬಕೆಟ್ ಹಿಡಿದವನು ನಾನೇ. ಹಸಿರು ಮಿಶ್ರಿತ ಕಂದು ಬಣ್ಣ, ಮೇಲೆ ನೊರೆ. ವಾಸನೆ ಹೇಳುವುದು ಬೇಡ. "ಇನ್ನೊಂದು ಹಸೂದು ಎಂಜಲು ಕುಡಿಸ್ತಾರಾ?" ಅಂತ ಅಮ್ಮ ಮುಖ ಸಿಂಡರಿಸಿದರು. ಮಾರನೇ ದಿನ ಸಂಜೆ ಗೌರಿ ಮೆಲುಕು ಹಾಕುತ್ತಾ ಮಲಗಿತ್ತು. ಸೋಡಾ, ಡ್ರಿಪ್‌ದೂ ಪಾಲಿದೆ ಅನ್ನಿ. ಆದರೆ ಆ ಬಕೆಟ್‌ನಲ್ಲಿ ಇದ್ದದ್ದು ಔಷಧಿ ಅಲ್ಲ, ನೀವು ಸಾಯಿಸೋಣ ಅನ್ನುತ್ತಿರುವ ಅದೇ ಸೂಕ್ಷ್ಮಜೀವಿಗಳು.

ವಿಷಯ ಏನೆಂದರೆ, ಹುಲ್ಲಿನ ನಾರನ್ನು, ಅಂದರೆ ಸೆಲ್ಯುಲೋಸನ್ನು, ಒಡೆಯುವ ಕಿಣ್ವ ಹಸುವಿನ ಮೈಯಲ್ಲಿ ತಯಾರಾಗುವುದೇ ಇಲ್ಲ. ನಮಗೂ ಅದಕ್ಕೂ ಈ ವಿಚಾರದಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ. ಅದರ ಹೊಟ್ಟೆಗೆ ನಾಲ್ಕು ಭಾಗ. ಮೊದಲನೆಯದು ರೂಮೆನ್. ದೊಡ್ಡ ಸೀಮೆ ಹಸುವಿನದಾದರೆ 100 ಲೀಟರ್‌ಗೂ ಜಾಸ್ತಿ ಹಿಡಿಯುತ್ತದೆ. ಒಳಗೆ ಸುಮಾರು 39 ಡಿಗ್ರಿ ಬಿಸಿ, ಆಮ್ಲಜನಕ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿನ ರಸದ ಒಂದೇ ಮಿಲಿಲೀಟರ್‌ನಲ್ಲಿ 1000 ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಇಡೀ ಭೂಮಿಯ ಜನಸಂಖ್ಯೆಯೇ 800 ಕೋಟಿ ಚಿಲ್ಲರೆ! ಜೊತೆಗೆ ಪ್ರೊಟೊಜೋವಾ ಅನ್ನುವ ಏಕಕೋಶ ಜೀವಿಗಳು, ಶಿಲೀಂಧ್ರ, ಮೀಥೇನ್ ಅನಿಲ ಮಾಡುವ ಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳು.

ಇವು ನಾರನ್ನು ಕೊಳೆಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಅನ್ನುವ ಆಮ್ಲಗಳನ್ನು ಬಿಡುತ್ತವೆ. ಅವು ಹೊಟ್ಟೆಯ ಗೋಡೆಯಿಂದ ರಕ್ತಕ್ಕೆ ಸೇರುತ್ತವೆ. ಹಸುವಿನ ಶಕ್ತಿಯಲ್ಲಿ ಸುಮಾರು ಶೇಕಡ 70 ಬರುವುದು ಇದರಿಂದಲೇ. ನೀವು ಕಾಫಿಗೆ ಹಾಕುವ ಹಾಲಿನ ಕೊಬ್ಬಿನಲ್ಲಿ ಒಳ್ಳೇ ಪಾಲು ಆ ಅಸಿಟಿಕ್ ಆಮ್ಲದಿಂದ ಆದದ್ದು. ಕೆಲಸ ಮುಗಿಸಿದ ಬ್ಯಾಕ್ಟೀರಿಯಾ ಮೇವಿನ ಜೊತೆ ನಾಲ್ಕನೇ ಹೊಟ್ಟೆಗೆ ಇಳಿಯುತ್ತವೆ. ಅಲ್ಲಿ ಹಸು ಅವನ್ನೇ ಅರಗಿಸಿಕೊಂಡು ಪ್ರೋಟೀನ್ ಪಡೆಯುತ್ತದೆ. ಹುಲ್ಲು ತಿನ್ನುವ ಸಾಧು ಪ್ರಾಣಿ ಅಂತೀವಿ. ಒಳಗೆ ನಡೆಯುವುದು ನೋಡಿದರೆ ಅದು ಬ್ಯಾಕ್ಟೀರಿಯಾ ಸಾಕಿ ತಿನ್ನುವ ಪ್ರಾಣಿ.

ಗೌರಿಗೆ ಏನಾಗಿತ್ತು ಅಂದರೆ, ಅನ್ನದ ಪಿಷ್ಟ ಬಹಳ ಬೇಗ ಹುದುಗುತ್ತದೆ. ಆಗ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ವಿಪರೀತ ಹೆಚ್ಚಾಗುತ್ತವೆ. ಮೊಸರನ್ನು ಹುಳಿ ಮಾಡುವುದೂ ಇದೇ ಆಮ್ಲ. ಆ ಹುಳಿಗೆ ನಾರು ಒಡೆಯುವ ಬ್ಯಾಕ್ಟೀರಿಯಾ ಸಾಯುತ್ತವೆ, ಹೊಟ್ಟೆ ನಿಂತುಬಿಡುತ್ತದೆ. ಅದಕ್ಕೇ ಮೇವನ್ನಾಗಲಿ, ಬೂಸಾ ಹಿಂಡಿಯನ್ನಾಗಲಿ ಒಂದೇ ಸಲ ಬದಲಾಯಿಸಬಾರದು ಅನ್ನುವುದು. ದಿನಾ ಒಂದಿಷ್ಟು ಕಲಗಚ್ಚು ಕುಡಿದು ರೂಢಿಯಾದ ಹಸುವಿಗೆ ಏನೂ ಆಗುವುದಿಲ್ಲ. ಒಂದೇ ರಾತ್ರಿಯಲ್ಲಿ ಕೊಪ್ಪರಿಗೆ ಖಾಲಿ ಮಾಡಿದರೆ ಕಷ್ಟ.

ಹೊಟ್ಟೆಯ ರಸ ದಾಟಿಸಿ ದೊಡ್ಡ ಲಾಭ ಮಾಡಿಕೊಂಡವರು ಆಸ್ಟ್ರೇಲಿಯಾದವರು. ನಮ್ಮಲ್ಲೂ ಬೇಲಿ ಸಾಲಿನಲ್ಲಿ ಬೆಳೆಯುವ ಸುಬಾಬುಲ್ ಸೊಪ್ಪು ಒಳ್ಳೇ ಮೇವು. ಆದರೆ ಅದರಲ್ಲಿ ಮಿಮೋಸಿನ್ ಅನ್ನುವ ವಿಷ ಇದೆ. ಜಾಸ್ತಿ ತಿಂದ ಆಸ್ಟ್ರೇಲಿಯಾದ ದನಗಳಿಗೆ ಕೂದಲು ಉದುರುತ್ತಿತ್ತು, ಥೈರಾಯ್ಡ್ ಊದುತ್ತಿತ್ತು. ಹವಾಯಿ ದ್ವೀಪದ ಆಡುಗಳು ಮಾತ್ರ ಅದೇ ಸೊಪ್ಪು ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿಗೆ ಗುಟ್ಟು ಇರುವುದು ಆಡಿನ ಹೊಟ್ಟೆಯಲ್ಲಿ ಅನ್ನಿಸಿತು. 1980ರ ದಶಕದಲ್ಲಿ ಆ ಸೂಕ್ಷ್ಮಜೀವಿಗಳನ್ನು ಆಸ್ಟ್ರೇಲಿಯಾಕ್ಕೆ ತಂದು ದನಗಳಿಗೆ ಕೊಟ್ಟರು. ದನಗಳೂ ಸುಬಾಬುಲ್ ತಡೆದುಕೊಂಡವು. ವಿಷ ಮುರಿಯುವ ಆ ಬ್ಯಾಕ್ಟೀರಿಯಾಗೆ 1992ರಲ್ಲಿ ಅವರದ್ದೇ ಗೌರವಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಹೆಸರಿಟ್ಟರು.

ಇನ್ನು ವೈರಸ್. ರೂಮೆನ್‌ನಲ್ಲಿರುವ ವೈರಸ್‌ಗಳಲ್ಲಿ ಹೆಚ್ಚಿನವು ಫೇಜ್‌ಗಳು, ಅಂದರೆ ಬ್ಯಾಕ್ಟೀರಿಯಾವನ್ನು ಹಿಡಿಯುವಂಥವು. ಹಸುವಿನ ಜೀವಕೋಶದ ಗೊಡವೆಗೆ ಅವು ಹೋಗುವುದಿಲ್ಲ. ಬೀಗಕ್ಕೆ ಕೀಲಿಕೈ ಇದ್ದ ಹಾಗೆ, ಒಂದು ಫೇಜ್‌ಗೆ ಹಿಡಿಸುವುದು ಕೆಲವೇ ಬಗೆಯ ಬ್ಯಾಕ್ಟೀರಿಯಾ. ಒಳಗೆ ಹೊಕ್ಕು, ಮರಿ ಮಾಡಿ, ಒಡೆದುಕೊಂಡು ಹೊರಬರುತ್ತವೆ. ಒಡೆದ ಬ್ಯಾಕ್ಟೀರಿಯಾದ ಸಾರ ಉಳಿದವಕ್ಕೆ ಊಟ. ಯಾವುದೋ ಒಂದು ಜಾತಿ ಮಿತಿಮೀರಿ ಬೆಳೆಯದ ಹಾಗೆಯೂ ಇವು ತಡೆಯುತ್ತವೆ.

ಹಾಗಂತ ಅಲ್ಲಿರುವುದೆಲ್ಲ ನಮಗೂ ಒಳ್ಳೆಯದು ಅಂದುಕೊಳ್ಳಬೇಡಿ. ಇ. ಕೋಲೈ ಓ157 ಅಂತ ಒಂದು ಬ್ಯಾಕ್ಟೀರಿಯಾ ಇದೆ. ದನದ ಕರುಳಲ್ಲಿ ಸದ್ದಿಲ್ಲದೆ ಇರುತ್ತದೆ. ಅದರ ವಿಷ ಅಂಟಿಕೊಳ್ಳುವ ಜಾಗ ದನದ ಕರುಳಿನ ರಕ್ತನಾಳಗಳಲ್ಲಿ ಇಲ್ಲ, ನಮ್ಮ ಮೈಯಲ್ಲಿ ಇದೆ. ನಮಗೆ ತಗುಲಿದರೆ ರಕ್ತಭೇದಿ, ಚಿಕ್ಕ ಮಕ್ಕಳಿಗೆ ಕಿಡ್ನಿಗೂ ಪೆಟ್ಟು ಬೀಳಬಹುದು. ಹಸಿ ಹಾಲು ಕುಡಿದರೆ ಶಕ್ತಿ ಅಂತ ಈಗ ಯಾರ್ಯಾರೋ ವಿಡಿಯೋ ಮಾಡುತ್ತಿದ್ದಾರಲ್ಲ, ನಾನಂತೂ ಕಾಯಿಸದೆ ಕುಡಿಯುವುದಿಲ್ಲ. ಗೌರಿ ಕೊಟ್ಟ ಹಾಲನ್ನೂ ಹಾಗೆ ಕುಡಿದಿರಲಿಲ್ಲ.