ತ್ಲಾಸ್ಕಾಲಾದ ಚಿತ್ರಪಟ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪ್ರಬಂಧವನ್ನು ಗಮನವಿಟ್ಟು ಓದಿದೆ. ಮೆಕ್ಸಿಕೋದ ತ್ಲಾಸ್ಕಾಲಾದಲ್ಲಿ ಸುಮಾರು 1552ರಲ್ಲಿ ಬಟ್ಟೆಯ ಮೇಲೆ ರಚಿತವಾದ ದೊಡ್ಡ ಚಿತ್ರಪಟವನ್ನು ಆಧಾರವಾಗಿಟ್ಟುಕೊಂಡು, ಸ್ಪೇನಿನವರ ದಂಡಯಾತ್ರೆ ಮತ್ತು ಮೂಲನಿವಾಸಿಗಳ ಮತಾಂತರದ ಬಗ್ಗೆ ನೀವು ಬರೆದಿದ್ದೀರಿ. ವಿಷಯ ನಮ್ಮ ಪತ್ರಿಕೆಗೆ ಬೇಕಾದದ್ದೇ, ಭಾಷೆಯೂ ಹಿಡಿತದಲ್ಲಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ತೀರ್ಪನ್ನು ಮೊದಲೇ ಬರೆದಿಟ್ಟು, ಆಮೇಲೆ ಚಿತ್ರವನ್ನು ಸಾಕ್ಷಿಗೆ ಕರೆದಂತಿದೆ.

ಈ ಪಟ ‘ಗೆದ್ದವರ ಕುಂಚದ ಅಹಂಕಾರ’ ಎಂದು ಮೊದಲ ಪುಟದಲ್ಲೇ ಹೇಳಿದ್ದೀರಿ. ಕುಂಚ ಹಿಡಿದವರು ತ್ಲಾಸ್ಕಾಲಾದ ಮೂಲನಿವಾಸಿ ಕಲಾವಿದರು. ಸ್ಪೇನಿನ ದಂಡನಾಯಕ ಕೋರ್ತೆಸ್ ಬಂದದ್ದನ್ನೂ ಯುದ್ಧವನ್ನೂ ಚಿತ್ರವಾಗಿ ಬರೆಸಿ ಸ್ಪೇನನ್ನು ಆಳುತ್ತಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೆ ಒಪ್ಪಿಸುವ ಮಾತು, ಅಲ್ಲಿನ ನಗರಸಭೆಯ 1552ರ ನಡಾವಳಿಯಲ್ಲಿ, ಅವರದೇ ನಾವಾತ್ಲ್ ಭಾಷೆಯಲ್ಲಿ ದಾಖಲಾಗಿದೆ. 1521ರಲ್ಲಿ ಆಸ್ಟೆಕರ ರಾಜಧಾನಿ ತೆನೋಚ್‌ತಿತ್ಲಾನ್ ಬಿದ್ದಾಗ ಸ್ಪೇನಿನವರ ಪಕ್ಕದಲ್ಲಿ ನಿಂತು ಕಾದಿದವರು ತ್ಲಾಸ್ಕಾಲಾದವರು. ಆ ಸೇವೆಯನ್ನು ನೆನಪಿಸಿ, ತಮ್ಮ ಊರಿಗೆ ಸಲ್ಲಬೇಕಾದ ಹಕ್ಕುಗಳನ್ನು ಕೇಳಲು ಬರೆಸಿದ ಅಹವಾಲು ಇದು. ಹೀಗಾಗಿ ಇದರಲ್ಲಿ ಏನಿದೆ ಎಂಬಷ್ಟೇ ಮುಖ್ಯವಾದದ್ದು ಏನಿಲ್ಲ ಎಂಬುದು: 1519ರಲ್ಲಿ ಮೈತ್ರಿಗೆ ಮುನ್ನ ಅವರು ಕೋರ್ತೆಸನ ಪಡೆಯ ಮೇಲೆ ಬಿದ್ದು ಹೋರಾಡಿದ್ದರು, ಆ ಕಾಳಗಗಳಿಗೆ ಪಟದಲ್ಲಿ ಜಾಗವೇ ಇಲ್ಲ.

ನೀವು ಮೂರು ಪುಟ ಕೊಟ್ಟಿರುವ ದೀಕ್ಷಾಸ್ನಾನದ ದೃಶ್ಯವನ್ನು ಮತ್ತೊಮ್ಮೆ ನೋಡಿ. ಊರಿನ ಒಡೆಯರು ಪಾದ್ರಿಯ ಮುಂದೆ ಮೊಣಕಾಲೂರಿದ್ದಾರೆ, ಕೋರ್ತೆಸ್ ಶಿಲುಬೆ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದಾನೆ, ದುಭಾಷಿ ಮಲಿಂತ್ಸಿನ್ ಅಲ್ಲೇ ನಿಂತಿದ್ದಾಳೆ. ‘ಭಯದಿಂದ ನಡುಗುವ ಕಣ್ಣುಗಳು’ ಎಂದಿದ್ದೀರಿ. ಆ ಮುಖಗಳಲ್ಲಿ ಅಂಥ ಭಾವವನ್ನು ಯಾರೂ ಬರೆದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಈ ಸಾಮೂಹಿಕ ದೀಕ್ಷೆ 1519ರಲ್ಲಿ ನಡೆಯಿತೆಂಬುದನ್ನು ನೀವು ಚರಿತ್ರೆಯೆಂದೇ ಒಪ್ಪಿಬಿಟ್ಟಿದ್ದೀರಿ. ಕೋರ್ತೆಸ್ ದೊರೆಗೆ ಬರೆದ ಪತ್ರದಲ್ಲಿ ಅದರ ಸುಳಿವಿಲ್ಲ. ಕ್ರೈಸ್ತಮತ ಸಾರಲು ಹನ್ನೆರಡು ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಗಳು ಮೆಕ್ಸಿಕೋಗೆ ಬಂದದ್ದೇ 1524ರಲ್ಲಿ. ಎಲ್ಲರಿಗಿಂತ ಮೊದಲು, ತಾವಾಗಿಯೇ ಕ್ರೈಸ್ತರಾದೆವು ಎಂದು ಹೇಳಿಕೊಳ್ಳುವುದರಿಂದ 1552ರ ನಗರಸಭೆಗೆ ಏನು ಲಾಭವಿತ್ತು ಎಂಬ ಪ್ರಶ್ನೆಯನ್ನು ನಿಮ್ಮ ಪ್ರಬಂಧ ಎತ್ತಲೇಬೇಕು.

ಬಲವಂತ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಅದನ್ನು ತೋರಿಸುವ ಚಿತ್ರಗಳು ಅದೇ ಊರಿನವು: ತ್ಲಾಸ್ಕಾಲಾದ ಚರಿತ್ರೆಕಾರ ದಿಯೇಗೋ ಮುನ್ಯೋಸ್ ಕಮಾರ್ಗೋ 1580ರ ದಶಕದಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್‌ಗೆ ಒಪ್ಪಿಸಿದ, ಈಗ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿರುವ ಹಸ್ತಪ್ರತಿಯಲ್ಲಿ ಸನ್ಯಾಸಿಗಳು ಹಳೆಯ ಪೂಜಾವಸ್ತುಗಳಿಗೆ ಬೆಂಕಿ ಇಡುತ್ತಿದ್ದಾರೆ, ಹಳೆಯ ದೇವರುಗಳಿಗೆ ಮರಳಿದವರನ್ನು ನೇಣಿಗೇರಿಸಲಾಗಿದೆ. ನಿಮ್ಮ ಸಿಟ್ಟಿಗೆ ಆಧಾರ ಅಲ್ಲಿದೆ. ಎರಡನ್ನೂ ಎದುರುಬದುರು ಇಟ್ಟು ಬರೆದರೆ ಪ್ರಬಂಧಕ್ಕೆ ಬೆನ್ನೆಲುಬು ಬರುತ್ತದೆ.

ಪಟದ ‘ಮಾಸಿದ ಬಣ್ಣ’ಗಳ ವರ್ಣನೆಯನ್ನು ತೆಗೆಯಿರಿ. ಮೂಲಪಟ ಕಳೆದುಹೋಗಿದೆ, ನಮಗೆ ಸಿಗುವುದು 1773ರ ನಕಲು ಮತ್ತು 1892ರಲ್ಲಿ ಅಚ್ಚಾದ ಶಿಲಾಮುದ್ರಣದ ಚಿತ್ರಗಳು. ನೀವು ನೋಡಿದ್ದು ಯಾವುದೆಂದು ಮೊದಲ ಪುಟದಲ್ಲೇ ತಿಳಿಸಿ, ಕೊನೆಯ ಎರಡು ಪುಟಗಳ ಉದ್ಗಾರಗಳನ್ನು ಬಿಟ್ಟು, ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇಂತಿ,
ಸಂಪಾದಕ