ವೈರಸ್ ಜಾಸ್ತಿ, ಲಿವರ್ ರಿಪೋರ್ಟ್ ನಾರ್ಮಲ್: ಹೇಗೆ?

ತಮ್ಮನಿಗೆ ಹೆಪಟೈಟಿಸ್ ಬಿ ಇದೆ, ರಕ್ತದಲ್ಲಿ ವೈರಸ್ ಜಾಸ್ತಿ, ಆದರೂ ಎಎಲ್‌ಟಿ (ಲಿವರ್ ಕೋಶದೊಳಗಿನ ಒಂದು ಕಿಣ್ವ) ನಾರ್ಮಲ್, ಲ್ಯಾಬ್ ತಪ್ಪಾ ಅಂತ ಕೇಳಿದ್ದೀರಿ. ತಪ್ಪೇ ಇರಬೇಕಿಲ್ಲ.

ಈ ವೈರಸ್ ತಾನಾಗಿ ಲಿವರ್ ಕೋಶಗಳನ್ನು ಅಷ್ಟಾಗಿ ಸಾಯಿಸುವುದಿಲ್ಲ. ಸಾಯಿಸುವುದು ನಮ್ಮದೇ ಟಿ ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳು. ವೈರಸ್ ಹೊಕ್ಕ ಕೋಶ ಕಂಡರೆ ಅದನ್ನು ಮುಗಿಸುತ್ತವೆ, ಆಗ ಒಳಗಿದ್ದ ಎಎಲ್‌ಟಿ ರಕ್ತಕ್ಕೆ ಸೋರುತ್ತದೆ. ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಹಾಗೆ ಆಗಬಾರದಲ್ವಾ, ಅದಕ್ಕೇ ದೇಹ ಬ್ರೇಕ್ ಇಟ್ಟುಕೊಂಡಿದೆ. ಟಿ ಕೋಶದ ಮೇಲೆ ಪಿಡಿ-1 ಅನ್ನುವ ಗುಂಡಿ ಇರುತ್ತದೆ, ಬಹಳ ದಿನ ಹೋರಾಡಿದರೆ ಅದು ಹೆಚ್ಚುತ್ತದೆ, ಲಿವರ್ ಕೋಶಗಳು ಅದನ್ನು ಒತ್ತಿ 'ಸಾಕು' ಅನ್ನುತ್ತವೆ. ಜೊತೆಗೆ ನಿಯಂತ್ರಕ ಟಿ ಕೋಶಗಳೂ ಇವೆ, ಇವು ಐಎಲ್-10 ಅನ್ನುವ ಸಂಕೇತದ ಪ್ರೋಟೀನ್ ಬಿಟ್ಟು ಉರಿಯೂತ ತಣಿಸುತ್ತವೆ. ಕರುಳಿನಿಂದ ಊಟದ ಚೂರುಗಳು ದಿನವೂ ಲಿವರ್‌ಗೇ ಬರುವುದರಿಂದ ಅದಕ್ಕೆ ಮೊದಲಿನಿಂದಲೂ ಸಹನೆ ಜಾಸ್ತಿ. ಹಾಗಾಗಿ ವೈರಸ್ ಜಾಸ್ತಿ ಇದ್ದರೂ ಕೋಶಗಳು ಅಷ್ಟಾಗಿ ಸಾಯದೆ ಎಎಲ್‌ಟಿ ನಾರ್ಮಲ್ ಇರಬಹುದು.

ಇದಕ್ಕೆ ಬೆಲೆಯೂ ಇದೆ, ವೈರಸ್ ಉಳಿದುಕೊಳ್ಳುತ್ತದೆ. ಹುಟ್ಟುವಾಗಲೇ ತಾಯಿಯಿಂದ ಬಂದರೆ ಸುಮಾರು 90% ಮಕ್ಕಳಲ್ಲಿ ಉಳಿದೇ ಬಿಡುತ್ತದೆ, ದೊಡ್ಡವರಾದ ಮೇಲೆ ಬಂದರೆ 5%ಗಿಂತ ಕಡಿಮೆ ಜನರಲ್ಲಿ.

ಆದರೆ ನಾರ್ಮಲ್ ಅಂತ ಸುಮ್ನೆ ಕೂರಬೇಡಿ. ಈ ಸಮತೋಲ ಯಾವಾಗ ಬೇಕಾದರೂ ಕೆಡಬಹುದು, ಲಿವರ್ ಡಾಕ್ಟರ್ ಹೇಳಿದಷ್ಟು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿ. ಮುಂದೆ ಯಾರಾದರೂ ಹೆಚ್ಚು ಡೋಸಿನ ಸ್ಟಿರಾಯ್ಡ್ ಅಥವಾ ಕೀಮೋ ಕೊಡುವಾಗ ಹೆಪಟೈಟಿಸ್ ಬಿ ಇದೆ ಅಂತ ಮೊದಲೇ ಹೇಳಿ. ಆ ಔಷಧಿ ಇರುವಾಗ ವೈರಸ್ ಬೆಳೆಯುತ್ತದೆ, ನಿಲ್ಲಿಸಿದ ಮೇಲೆ ಟಿ ಕೋಶಗಳು ಒಮ್ಮೆಲೇ ಎದ್ದು ಲಿವರ್ ಮೇಲೆ ಬಿದ್ದರೆ ಕಷ್ಟ.